ಸ್ಕ್ಯಾನಿನಲ್ಲಿ ಕಂಡ ಉಂಗುರ

“ನಾವು ಅದನ್ನ ಮುಟ್ಟಂಗೂ ಇಲ್ರೀ. ಸೋಮವಾರ ಉಳ್ಳಾಗಡ್ಡಿ ಸೈತ ಮನ್ಯಾಗ ಹೆಚ್ಚಂಗಿಲ್ಲ. ಹಂದಿ ಹುಳ ನಮ್ಮ ಹುಡುಗನ ತಲ್ಯಾಗ ಹ್ಯಾಂಗ ಬಂತ್ರೀ?”

ಟಿಕೋಟಾ, ಬಬಲೇಶ್ವರದ ಕಡೆಯಿಂದ ಮಗನನ್ನು ವಿಜಯಪುರಕ್ಕೆ ಕರೆತಂದ ತಾಯಿ, ಫಿಟ್ಸ್ ಬಂದದ್ದಕ್ಕೆ ಕಾರಣ ಕೇಳಿದ ಮೇಲೆ ಹೀಗೇ ಕೇಳುತ್ತಾಳೆ. ಅವಳ ಮಾತಿನಲ್ಲಿ ಹೆದರಿಕೆಯಷ್ಟೇ ಅವಮಾನವೂ ಇರುತ್ತದೆ. ನಮ್ಮ ಮನೆಯ ಆಚಾರ ಕೆಟ್ಟಿದೆ ಎಂದು ಯಾರೋ ಹೇಳಿದಂತೆ ಆಕೆಗೆ ಕೇಳಿಸಿರುತ್ತದೆ. ವೈದ್ಯರಿಗೆ ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ, ಬಿಡಿಸಿ ಹೇಳಲು ಪುರಸೊತ್ತಿರುವುದಿಲ್ಲ. ಉತ್ತರ ಸಿಗದೆ ಆಕೆ ಊರಿಗೆ ಮರಳುತ್ತಾಳೆ. ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು ಎಂದು ನನಗೆ ಅನ್ನಿಸುತ್ತದೆ.

ಹಂದಿಯ ಲಾಡಿಹುಳು ಮನುಷ್ಯನಿಗೆ ಎರಡು ಬೇರೆ ಬೇರೆ ಕಾಯಿಲೆ ತರುತ್ತದೆ. ಸರಿಯಾಗಿ ಬೇಯದ ಹಂದಿಮಾಂಸದಲ್ಲಿ ಹುಳುವಿನ ಗುಳ್ಳೆಗಳಿದ್ದರೆ, ತಿಂದವರ ಕರುಳಿನಲ್ಲಿ ಅದು ಬೆಳೆದು ಕೆಲವು ಮೀಟರ್ ಉದ್ದದ ಹುಳುವಾಗುತ್ತದೆ. ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹೆಚ್ಚಿನವರಿಗೆ ಹೊಟ್ಟೆಯಲ್ಲಿ ಹುಳು ಇದ್ದದ್ದೇ ಗೊತ್ತಾಗುವುದಿಲ್ಲ. ಇದು ಒಂದು ಕಾಯಿಲೆ, ಇದು ಮಾಂಸದಿಂದಲೇ ಬರಬೇಕು. ಇನ್ನೊಂದು ತತ್ತಿಯಿಂದ ಬರುತ್ತದೆ. ಆ ಹುಳುವಿನ ತುದಿಯ ತುಣುಕುಗಳು ಮಲದೊಂದಿಗೆ ಹೊರಬೀಳುತ್ತವೆ. ಒಂದೊಂದು ತುಣುಕಿನಲ್ಲಿ ಸುಮಾರು 50,000 ತತ್ತಿ ಇರಬಹುದು. ಕಣ್ಣಿಗೆ ಕಾಣದ ಈ ತತ್ತಿ ನೀರಿನಲ್ಲೋ ಸೊಪ್ಪಿನ ಮೇಲೋ ಕೈಬೆರಳ ಸಂದಿಯಲ್ಲೋ ಸೇರಿ ಇನ್ನೊಬ್ಬರ ಬಾಯಿಗೆ ಹೋದರೆ, ಹೊಟ್ಟೆಯಲ್ಲಿ ಒಡೆದು, ಮರಿ ಕರುಳಿನ ಗೋಡೆ ಕೊರೆದು ರಕ್ತಕ್ಕೆ ಇಳಿಯುತ್ತದೆ. ರಕ್ತ ಎಲ್ಲಿಗೆ ಒಯ್ದರೆ ಅಲ್ಲಿಗೆ: ತೊಡೆಯ ಮಾಂಸಕ್ಕೆ, ಕಣ್ಣಿಗೆ, ಮಿದುಳಿಗೆ. ಮಿದುಳಿಗೆ ಬರುವ ಹುಳು ಹಂದಿಮಾಂಸದಿಂದ ನೇರವಾಗಿ ಬರುವುದಿಲ್ಲ. ಅದು ಬರುವುದು ಮನುಷ್ಯನ ಮಲದಿಂದ. ಆದ್ದರಿಂದ ಆ ತಾಯಿ ಹೇಳಿದ್ದು ಅಕ್ಷರಶಃ ನಿಜ, ಹುಡುಗನ ತಲೆಯಲ್ಲಿ ಹುಳು ಇರುವುದೂ ನಿಜ.

ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. 1992ರಲ್ಲಿ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಕುಟುಂಬಗಳ ಬಗ್ಗೆ ಒಂದು ವರದಿ ಅಲ್ಲಿಯ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಧರ್ಮದಲ್ಲೇ ಹಂದಿ ನಿಷಿದ್ಧವಾದ ಮನೆಗಳವು. ಅಲ್ಲಿಯವರಿಗೆ ಫಿಟ್ಸ್ ಬಂದು, ತಲೆಯಲ್ಲಿ ಈ ಗುಳ್ಳೆ ಕಂಡಿತ್ತು. ಹುಡುಕುತ್ತ ಹೋದರೆ, ಈ ಹುಳು ಹೆಚ್ಚಾಗಿರುವ ದೇಶಗಳಿಂದ ಮನೆಗೆಲಸಕ್ಕೆ ಬಂದವರಲ್ಲಿ ಒಬ್ಬಳ ಹೊಟ್ಟೆಯಲ್ಲಿ ಲಾಡಿಹುಳು ಇತ್ತು. ಈ ಕಥೆ ಹೇಳುವಾಗ ಹಲವರು ಆ ಮನೆಗೆಲಸದವಳ ಮೇಲೆ ತಪ್ಪು ಹೊರಿಸಿ ನಿಲ್ಲಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಕೆಯೂ ರೋಗಿಯೇ, ಆಕೆಗೆ ಬೇಕಾದದ್ದು ಔಷಧ.

ಈಗ ನಮ್ಮ ತಾಟಿನ ಕಡೆ ನೋಡೋಣ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು; ಅದರ ಪಕ್ಕದಲ್ಲಿ ಹಸಿಯಾಗಿಯೇ ಇಟ್ಟ ಮೆಂತ್ಯೆ ಪಲ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ, ಸವತಿಕಾಯಿ. ಈ ಭಾಗದ ಊಟದ ಆರೋಗ್ಯವೇ ಈ ಹಸಿಯಲ್ಲಿದೆ, ಇದನ್ನು ಬಿಡಿ ಎಂದು ನಾನು ಯಾವತ್ತೂ ಹೇಳಲಾರೆ. ಆದರೆ ಒಲೆ ಕಾಣದ ಈ ಎಲೆಗಳು ಯಾವ ನೀರು ಕುಡಿದು ಬೆಳೆದವು, ಯಾವ ನೀರಲ್ಲಿ ಅದ್ದಿ ಕಟ್ಟು ಕಟ್ಟಿದರು ಎಂಬುದು ಸಣ್ಣ ಮಾತಲ್ಲ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಒಣಭೂಮಿಗೆ ಹತ್ತಿ ಬಂದಿದೆ, ದ್ರಾಕ್ಷಿಯ ನಾಡಿನಲ್ಲಿ ಕಾಯಿಪಲ್ಯವೂ ಹೆಚ್ಚಿದೆ. ಅದೇ ವೇಳೆ ಪ್ರತಿ ಪಟ್ಟಣದ ಅಂಚಿನಲ್ಲಿ ಗಟಾರದ ನೀರು ಹರಿದುಹೋಗುವ ಕಡೆ ನಾಲ್ಕು ಮಡಿ ಸೊಪ್ಪು ಬೆಳೆಯುವುದನ್ನೂ ಕಾಣುತ್ತೇವೆ. ಶೌಚದ ಗುಂಡಿ ತುಂಬಿದ ಮೇಲೆ ಟ್ಯಾಂಕರಿನವರು ಅದನ್ನು ಎಲ್ಲಿಗೆ ಒಯ್ದು ಸುರಿಯುತ್ತಾರೆ ಎಂದು ಕೇಳುವವರು ಕಡಿಮೆ. ಹಸಿ ಮಣ್ಣಿನಲ್ಲಿ ಈ ತತ್ತಿ ತಿಂಗಳುಗಟ್ಟಲೆ ಬದುಕಿರಬಲ್ಲದು.

ತತ್ತಿ ಉಪ್ಪುನೀರಿಗೂ ಹುಳಿಗೂ ಸುಲಭಕ್ಕೆ ಸಾಯುವುದಿಲ್ಲ. ನಳದ ನೀರಿಗೆ ಹಾಕುವ ಕ್ಲೋರಿನ್‌ಗೂ ಜಗ್ಗುವುದಿಲ್ಲ. ಕುದಿಸಿದರೆ ಸಾಯುತ್ತದೆ. ಹಸಿ ತಿನ್ನುವ ಎಲೆಯನ್ನು ಕುದಿಸಲಾಗುವುದಿಲ್ಲ, ಆದ್ದರಿಂದ ತೊಳೆದು ಕಳೆಯುವುದೊಂದೇ ದಾರಿ: ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಉಜ್ಜಿ. ಬುಟ್ಟಿಯಲ್ಲಿ ಅದ್ದಿ ತೆಗೆದರೆ ಸಾಲದು. ಬೇಸಿಗೆಯಲ್ಲಿ ಕೊಡ ನೀರಿಗೆ ಕಾಯುವ ಓಣಿಗಳಲ್ಲಿ ಹರಿಯುವ ನೀರು ಎಂದರೆ ಎಂಥ ದುಬಾರಿ ಮಾತು ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಹಾಗಿದ್ದಾಗ ಮೂರು ನಾಲ್ಕು ಸಲ ನೀರು ಬದಲಿಸಿ ತೊಳೆಯಬೇಕು. ನಲ್ಲಿಯ ನೀರು ಎಲ್ಲ ಮನೆಗೂ ಸಾಕಷ್ಟು ಬರಬೇಕು ಎಂಬುದು ಮಿದುಳಿನ ಆರೋಗ್ಯದ ಬೇಡಿಕೆಯೂ ಹೌದು.

ರಕ್ತದಲ್ಲಿ ತೇಲಿಬಂದ ಎಲ್ಲವನ್ನೂ ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದ. ಮೈಯ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿಗೆ ಆ ಬಣ್ಣ ಹತ್ತುವುದಿಲ್ಲವೇನೋ ಎಂದು ಅವನು ತಿಳಿದ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ರಕ್ತಕ್ಕೆ ಬದಲು ಮಿದುಳಿನ ಸುತ್ತಲಿನ ದ್ರವಕ್ಕೇ ಚುಚ್ಚಿದಾಗ, ಮಿದುಳು ಚೆನ್ನಾಗಿಯೇ ಬಣ್ಣ ಹಿಡಿಯಿತು. ಉಳಿದ ಮೈ ಹಿಡಿಯಲಿಲ್ಲ. ಅಂದರೆ ನಡುವೆ ಒಂದು ತಡೆ ಇದೆ. ಅದು ಎಲ್ಲಿದೆ ಎಂದು ಕಣ್ಣಾರೆ ತೋರಿಸಿದವರು 1967ರಲ್ಲಿ ರೀಸ್ ಮತ್ತು ಕರ್ನೋವ್‌ಸ್ಕಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ. ಮಿದುಳಿನ ಸುತ್ತ ಕೋಟೆಯ ಹಾಗೆ ಕಟ್ಟಿದ ಗೋಡೆಯಲ್ಲ ಅದು. ಮಿದುಳಿನೊಳಗೆ ಹರಿಯುವ ಕೂದಲಿಗಿಂತ ಸಣ್ಣ ರಕ್ತನಾಳಗಳ ಮೈಯೇ ಆ ತಡೆ.

ವಿಜಯಪುರದವರಿಗೆ ಇದನ್ನು ತಿಳಿಸುವುದು ಸುಲಭ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಊರೊಳಗೆ ನೀರು ಬಂದದ್ದು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ. ಒಂದಕ್ಕೊಂದು ಜೋಡಿಸಿದ ಕೊಳವೆ, ಅದರ ಸುತ್ತ ಗಾರೆಯ ಕವಚ. ಅಂಥ ವ್ಯವಸ್ಥೆಯ ಗಟ್ಟಿತನವೆಲ್ಲ ಇರುವುದು ಬೆಸುಗೆಯಲ್ಲಿ. ಒಂದು ಕೂಡು ಸಡಿಲಾದರೂ ನೀರು ಮಣ್ಣಿಗೆ ಸೋರುತ್ತದೆ, ಮಣ್ಣು ನೀರಿಗೆ ಇಳಿಯುತ್ತದೆ. ಮಿದುಳಿನ ನಾಳಗಳೂ ಹೀಗೇ. ಪಕ್ಕಪಕ್ಕದ ಜೀವಕೋಶಗಳು ಕೆಲವು ಪ್ರೋಟೀನುಗಳಿಂದ ಬಿಗಿಯಾಗಿ ಹೊಲಿದುಕೊಂಡಿವೆ, ಹೊರಗಿನಿಂದ ಬೇರೆ ಜೀವಕೋಶಗಳ ಪಾದಗಳು ಅವನ್ನು ಅಪ್ಪಿಹಿಡಿದಿವೆ. ಸಕ್ಕರೆ, ಆಮ್ಲಜನಕ ಒಳಗೆ ಹೋಗುತ್ತವೆ. ರಕ್ತದ ದೊಡ್ಡ ಪ್ರೋಟೀನು, ವಿಷ, ಹೆಚ್ಚಿನ ರೋಗಾಣುಗಳು ಹೊರಗೇ ಉಳಿಯುತ್ತವೆ.

ಲಾಡಿಹುಳುವಿನ ಮರಿ ಇದನ್ನೂ ದಾಟಿ ಒಳಗೆ ಹೋಗಿಬಿಡುತ್ತದೆ. ಹೋಗಿ ನೀರು ತುಂಬಿದ ಸಣ್ಣ ಗುಳ್ಳೆಯಾಗಿ ಕೂರುತ್ತದೆ, ಒಂದು ಸೆಂಟಿಮೀಟರ್ ಆಸುಪಾಸು. ಆಮೇಲೆ ನಡೆಯುವುದು ಆಶ್ಚರ್ಯ: ಬಹಳ ಕಾಲ ಏನೂ ಆಗುವುದಿಲ್ಲ. ಬದುಕಿರುವ ಹುಳು ತನ್ನ ಸುತ್ತ ನಮ್ಮ ದೇಹದ ಕಾವಲನ್ನು ಮಂಕಾಗಿಸುವ ವಸ್ತುಗಳನ್ನು ಬಿಡುತ್ತ ಇರುತ್ತದೆ. ಹುಡುಗ ಶಾಲೆಗೆ ಹೋಗುತ್ತಾನೆ, ಆಡುತ್ತಾನೆ, ತಲೆಯಲ್ಲಿ ಅತಿಥಿ ಇರುವುದು ಯಾರಿಗೂ ತಿಳಿಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಸೇವೆ ಮುಗಿಸಿ ಹೋದ ಎಷ್ಟೋ ಸೈನಿಕರಿಗೆ ಇಂಗ್ಲೆಂಡಿನಲ್ಲಿ, ವರ್ಷಗಳು ಕಳೆದ ಮೇಲೆ, ಮೂರ್ಛೆ ಶುರುವಾಯಿತು. ಡಿಕ್ಸನ್ ಮತ್ತು ಲಿಪ್ಸ್‌ಕಂಬ್ ಎಂಬ ವೈದ್ಯರು ಇಂಥ 450 ರೋಗಿಗಳ ಇತಿಹಾಸವನ್ನು 1961ರಲ್ಲಿ ಒಂದುಗೂಡಿಸಿ ಪ್ರಕಟಿಸಿದರು. ಈ ಕಾಯಿಲೆಯ ಬಗ್ಗೆ ಇವತ್ತಿಗೂ ಉದಾಹರಿಸುವ ದಾಖಲೆ ಅದು.

ತೊಂದರೆ ಶುರುವಾಗುವುದು ಹುಳು ಸಾಯತೊಡಗಿದಾಗ. ವಯಸ್ಸಾಗಿಯೋ ಔಷಧದಿಂದಲೋ ಗುಳ್ಳೆ ಕುಸಿಯುತ್ತದೆ, ಅದುವರೆಗೆ ಬಚ್ಚಿಟ್ಟದ್ದೆಲ್ಲ ಹೊರಗೆ ಸೋರುತ್ತದೆ, ನಮ್ಮ ಕಾವಲಿನ ಜೀವಕೋಶಗಳಿಗೆ ಆಗ ಎಚ್ಚರವಾಗುತ್ತದೆ. ಅವು ಮಿದುಳಿನ ಒಳಕ್ಕೆ ನುಗ್ಗಬೇಕೆಂದರೆ ನಾಳದ ಬೆಸುಗೆ ಬಿಚ್ಚಬೇಕು. ಉರಿಯೂತದ ರಾಸಾಯನಿಕಗಳು, ಪ್ರೋಟೀನು ಕತ್ತರಿಸುವ ಕಿಣ್ವಗಳು ಆ ಕೆಲಸ ಮಾಡುತ್ತವೆ. ತಡೆ ಒಡೆಯುತ್ತದೆ. ರಕ್ತದ ನೀರು, ಪ್ರೋಟೀನು ಮಿದುಳಿಗೆ ಇಳಿದು ಬಾವು ಬರುತ್ತದೆ, ಸುತ್ತಲಿನ ನರಕೋಶಗಳು ರೇಗುತ್ತವೆ, ಮಗು ಕೈಕಾಲು ಬಡಿಯುತ್ತ ಬೀಳುತ್ತದೆ. ಹುಳು ಮಾಡಿದ್ದಕ್ಕಿಂತ ಹುಳುವನ್ನು ಹೊರಹಾಕಲು ನಮ್ಮ ಮೈ ಮಾಡಿದ್ದೇ ಇಲ್ಲಿ ದೊಡ್ಡ ಗಾಯ. ನನ್ನ ಮಟ್ಟಿಗೆ ಈ ಕಾಯಿಲೆಯಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದು, ಏಕೆಂದರೆ ಚಿಕಿತ್ಸೆಯ ಎಲ್ಲ ಎಚ್ಚರಿಕೆಯೂ ಇದರಿಂದಲೇ ಹುಟ್ಟುತ್ತದೆ.

ಸ್ಕ್ಯಾನಿಗೆ ಹೋದಾಗ ತೋಳಿನ ರಕ್ತನಾಳಕ್ಕೆ ಒಂದು ಔಷಧ ಚುಚ್ಚಿ ಮತ್ತೆ ಚಿತ್ರ ತೆಗೆಯುತ್ತಾರೆ. ಅದು ಎರ್ಲಿಖ್‌ನ ಪ್ರಯೋಗವೇ. ತಡೆ ಗಟ್ಟಿಯಿದ್ದ ಕಡೆ ಆ ಔಷಧ ಮಿದುಳಿಗೆ ಇಳಿಯುವುದಿಲ್ಲ. ಬೆಸುಗೆ ಬಿಟ್ಟ ಕಡೆ ಸೋರಿ, ಸಾಯುತ್ತಿರುವ ಗುಳ್ಳೆಯ ಸುತ್ತ ಬೆಳ್ಳಗೆ ಒಂದು ಉಂಗುರ ಮೂಡುತ್ತದೆ. ವೈದ್ಯರು ಫಿಲ್ಮಿನ ಮೇಲೆ ಬೆರಳಿಟ್ಟು ತೋರಿಸುವ ಆ ಉಂಗುರ ಹುಳುವಿನದಲ್ಲ, ಒಡೆದ ತಡೆಯದು.

ಈ ಉಂಗುರವನ್ನು ಓದಲು ನಮ್ಮ ದೇಶದಲ್ಲಿ ಸ್ವಲ್ಪ ಕಾಲ ಹಿಡಿಯಿತು. ಸಿಟಿ ಸ್ಕ್ಯಾನ್ ಬಂದ ಹೊಸದರಲ್ಲಿ, ಫಿಟ್ಸ್ ಬಂದವರ ತಲೆಯಲ್ಲಿ ಕಾಣುವ ಒಂಟಿ ಉಂಗುರವನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುತ್ತಿದ್ದರು. 1980ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರಚಿಕಿತ್ಸಕರು, ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು, ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಸಿಕ್ಕಿದ್ದು ಈ ಹುಳುವಿನ ಮರಿ. ಮುಂದೆ 2006ರಲ್ಲಿ ವೆಲ್ಲೂರು ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಮಾಡಿದ ಅಧ್ಯಯನದ ಫಲಿತಾಂಶ ಬಂತು: ಸಕ್ರಿಯ ಮೂರ್ಛೆರೋಗ ಇದ್ದವರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಕಾರಣ ಮಿದುಳಿಗೆ ಬಂದ ಈ ಹುಳು. ವಿಶ್ವ ಆರೋಗ್ಯ ಸಂಸ್ಥೆಯೂ ಈ ಹುಳು ನೆಲೆಸಿದ ನಾಡುಗಳಿಗೆ ಹತ್ತಿರ ಹತ್ತಿರ ಇದೇ ಅಂದಾಜು ಕೊಡುತ್ತದೆ, ನೂರಕ್ಕೆ 30ರವರೆಗೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದಾಗ ಮೂರ್ಛೆರೋಗ ಹಳ್ಳಿಗಳಲ್ಲಿ ಪಟ್ಟಣದ ಎರಡರಷ್ಟಿತ್ತು: ಸಾವಿರಕ್ಕೆ 11.9, ಪಟ್ಟಣದಲ್ಲಿ 5.7. ಅದಕ್ಕೆಲ್ಲ ಹುಳುವೇ ಕಾರಣ ಎನ್ನಲಾಗದು, ಕಾರಣಗಳು ಹಲವು. ಆದರೆ ತಡೆಯಬಹುದಾದ ಕಾರಣಗಳಲ್ಲಿ ಇದು ಮುಂಚೂಣಿಯದು.

ಚಿಕಿತ್ಸೆ ಇದೆ. ಫಿಟ್ಸ್ ನಿಲ್ಲಿಸುವ ಮಾತ್ರೆ ಮೊದಲು. ಒಂಟಿ ಉಂಗುರ ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನೇ ಕರಗುತ್ತದೆ. ಬೇಕಾದವರಿಗೆ ಹುಳು ಕೊಲ್ಲುವ ಆಲ್ಬೆಂಡಜೋಲ್ ಕೊಡುತ್ತಾರೆ, ಆದರೆ ಜೊತೆಗೆ ಸ್ಟಿರಾಯ್ಡ್ ಇಲ್ಲದೆ ಕೊಡುವುದಿಲ್ಲ: ಹುಳುಗಳು ಒಟ್ಟಿಗೆ ಸತ್ತರೆ ತಡೆ ಹಲವು ಕಡೆ ಒಮ್ಮೆಗೇ ಒಡೆದು ಮಿದುಳು ಬಾತುಕೊಳ್ಳಬಹುದು, ಆ ಉರಿಯೂತವನ್ನು ಸ್ಟಿರಾಯ್ಡ್ ಅಂಕೆಯಲ್ಲಿಡುತ್ತದೆ. ಕಣ್ಣಿನಲ್ಲಿ ಗುಳ್ಳೆ ಇದೆಯೇ ಎಂದು ನೋಡಿಯೇ ಶುರು ಮಾಡುತ್ತಾರೆ. ತಲೆ ತುಂಬ ಗುಳ್ಳೆಗಳಿದ್ದು ಮಿದುಳು ಈಗಾಗಲೇ ಬಾತಿದ್ದರೆ ಹುಳು ಕೊಲ್ಲುವ ಔಷಧವನ್ನೇ ತಡೆಹಿಡಿಯುತ್ತಾರೆ. ಆದ್ದರಿಂದ ಕೈ ಮುಗಿದು ಕೇಳಿಕೊಳ್ಳುವ ಒಂದು ಮಾತು: ಫಿಟ್ಸ್ ಬಂದ ಮಗುವಿಗೆ, “ಹುಳದ ಗುಳಗಿ ಹಾಕಿದರ ಹೋಗತೈತಿ” ಎಂದು ಔಷಧದ ಅಂಗಡಿಯಿಂದ ತಂದು ನೀವೇ ಕೊಡಬೇಡಿ. ಫೆಬ್ರುವರಿ 10, ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆಯ ಮಾತೇ ಬೇರೆ. ಅದು ಮಣ್ಣಿನಿಂದ ಹೊಟ್ಟೆಗೆ ಬರುವ ಹುಳುಗಳಿಗೆ, ಮಕ್ಕಳ ರಕ್ತಹೀನತೆ ತಪ್ಪಿಸಲು. ಅದನ್ನು ಮಕ್ಕಳಿಗೆ ಕೊಡಿಸಿ. ಫಿಟ್ಸ್ ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ.

ಕೆಲವರ ತಲೆಯಲ್ಲಿ ಸತ್ತ ಹುಳು ಸುಣ್ಣಗಟ್ಟಿದ ಚುಕ್ಕೆಯಾಗಿ ಉಳಿದುಬಿಡುತ್ತದೆ. ಮುಗಿಯಿತು ಅಂದುಕೊಂಡ ಎಷ್ಟೋ ವರ್ಷದ ಮೇಲೆ ಆ ಚುಕ್ಕೆಯ ಸುತ್ತ ತಡೆ ಮತ್ತೆ ಸೋರಿ, ಬಾವು ಬಂದು, ಫಿಟ್ಸ್ ಮರಳುವುದುಂಟು. ಮಾತ್ರೆ ಬಿಡುವ ದಿನವನ್ನು ವೈದ್ಯರೇ ಹೇಳಬೇಕು ಎನ್ನುವುದು ಅದಕ್ಕೇ. ಮಾತ್ರೆ ದುಬಾರಿಯೂ ಅಲ್ಲ. ನಮ್ಮ ನಾಡಿನವರೇ ಆದ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಚಾಮರಾಜನಗರ ಕಡೆಯ ಯಳಂದೂರಿನಲ್ಲಿ ವರ್ಷಗಳ ಕಾಲ ಹಳ್ಳಿಯ ರೋಗಿಗಳನ್ನು ಹಿಂಬಾಲಿಸಿ, ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಅರ್ಧಕ್ಕಿಂತ ಹೆಚ್ಚು ಜನರ ಮೂರ್ಛೆ ಹತೋಟಿಗೆ ಬರುತ್ತದೆ ಎಂದು ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಳ್ಳಿಯ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಆ ಮಾತ್ರೆ ಸದಾ ಇರಬೇಕು, ಇಷ್ಟೇ ಬೇಡಿಕೆ.

ಬಿದ್ದ ಮಗುವಿನ ಕೈಗೆ ಕಬ್ಬಿಣ ತುರುಕುವುದು, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯುವುದು ಇನ್ನೂ ನಿಂತಿಲ್ಲ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಇದಕ್ಕಿಂತ ನನ್ನನ್ನು ಕಾಡುವುದು ಹುಡುಗಿಯರ ಪಾಡು. ಫಿಟ್ಸ್ ಬಂದದ್ದನ್ನು ಮುಚ್ಚಿಡುತ್ತಾರೆ, ಗುಟ್ಟಿನಲ್ಲಿ ಮದುವೆ ಮಾಡುತ್ತಾರೆ, ಗಂಡನ ಮನೆಯಲ್ಲಿ ಮಾತ್ರೆ ಕಾಣಬಾರದೆಂದು ನಿಲ್ಲಿಸುತ್ತಾರೆ, ಅಲ್ಲಿ ಅವಳು ಬೀಳುತ್ತಾಳೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂಬ ಅರ್ಥದ ಮಾತಿತ್ತು. 1999ರ ತಿದ್ದುಪಡಿಯಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಕಾನೂನು ಬಿಟ್ಟ ಮಾತನ್ನು ನಮ್ಮ ಬೀಗತನದ ಮಾತುಕತೆಗಳು ಇನ್ನೂ ಹಿಡಿದುಕೊಂಡಿವೆ. ಯಾರದೋ ಮಲದ ತತ್ತಿ ತೊಳೆಯದ ಸೊಪ್ಪಿನಿಂದ ಬಾಯಿಗೆ ಬಂದದ್ದಕ್ಕೆ ಒಬ್ಬ ಹುಡುಗಿ ಜೀವಮಾನವಿಡೀ ತಲೆತಗ್ಗಿಸುವುದು ಅನ್ಯಾಯ, ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಮನುಷ್ಯನಿಂದ ಹಂದಿಗೆ, ಹಂದಿಯಿಂದ ಮನುಷ್ಯನಿಗೆ ತಿರುಗುವ ಈ ಹುಳುವಿನ ಸುತ್ತು ಕಡಿಯಬಹುದು ಎಂಬುದು ಊಹೆಯಲ್ಲ. ಪೆರು ದೇಶದ ಉತ್ತರದ ತುಂಬೆಸ್ ಪ್ರಾಂತದಲ್ಲಿ ಜನರಿಗೆ ಹೊಟ್ಟೆಯ ಲಾಡಿಹುಳುವಿನ ಔಷಧ, ಹಂದಿಗಳಿಗೆ ಔಷಧ ಮತ್ತು ಲಸಿಕೆ ಒಟ್ಟಿಗೆ ಕೊಟ್ಟರು. 107 ಹಳ್ಳಿಗಳಲ್ಲಿ 105ರಲ್ಲಿ ಹರಡುವಿಕೆ ನಿಂತಿತು ಎಂದು 2016ರಲ್ಲಿ ವರದಿಯಾಯಿತು. ಆಸ್ಟ್ರೇಲಿಯದ ವಿಜ್ಞಾನಿಗಳು ರೂಪಿಸಿದ ಹಂದಿಯ ಲಸಿಕೆಯನ್ನು ಮಾರುಕಟ್ಟೆಗೆ ತಯಾರಿಸುವುದು ನಮ್ಮ ನೆರೆಯ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್. ಹಂದಿ ಸಾಕುವ ಬಡ ಕುಟುಂಬಗಳನ್ನು ಓಡಿಸುವುದಲ್ಲ, ಅವರ ಹಂದಿಗಳಿಗೆ ಲಸಿಕೆ ಹಾಕಿಸಿ, ಬೀದಿಗೆ ಬಿಡದೆ ಸಾಕಲು ಜಾಗ ಕೊಡುವುದು ಸರಿಯಾದ ದಾರಿ. ದ್ರಾಕ್ಷಿ ತೋಟಕ್ಕೆ, ಒಣದ್ರಾಕ್ಷಿ ಶೆಡ್ಡಿಗೆ ಬೇರೆ ಬೇರೆ ಊರುಗಳಿಂದ ಬಂದ ಆಳುಗಳಿಗೆ ಶೌಚಾಲಯ, ನೀರು, ಸಾಬೂನು ತೋಟದ ಮಾಲೀಕರೇ ಮಾಡಿಕೊಡಬೇಕು. ಅವರು ಬಯಲಿಗೆ ಹೋಗುವುದು ಇಷ್ಟವಿದ್ದು ಅಲ್ಲ. ಕಟ್ಟಿಸಿದ ಶೌಚಾಲಯದ ಗುಂಡಿ ತುಂಬಿದಾಗ ಆ ಹೊಲಸು ಹೊಲಕ್ಕೆ ಹಸಿಯಾಗಿ ಬೀಳದಂತೆ ಗ್ರಾಮ ಪಂಚಾಯ್ತಿ ನೋಡಿಕೊಳ್ಳಬೇಕು. ಮಿದುಳಿನಲ್ಲಿ ಉಂಗುರ ಕಂಡ ಮಗುವಿನ ಮನೆಯವರ ಮಲ ಪರೀಕ್ಷೆಯನ್ನೂ ಮಾಡಿಸಬೇಕು, ಏಕೆಂದರೆ ಕೆಲವೊಮ್ಮೆ ಹುಳು ಹೊತ್ತವರು ಅದೇ ಮನೆಯಲ್ಲಿರುತ್ತಾರೆ, ಅವರಿಗೆ ಬೇಕಾದದ್ದು ಸಾಮಾನ್ಯವಾಗಿ ಒಂದೇ ಹೊತ್ತಿನ ಔಷಧ. ಟಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾಗಿ ಹೆಚ್ಚು ವರ್ಷ ಆಗಿಲ್ಲ; ಅಲ್ಲಿಯ ಆರೋಗ್ಯ ಇಲಾಖೆ ಮತ್ತು ಪಶು ಇಲಾಖೆಯವರು ಒಂದೇ ಮೇಜಿಗೆ ಕೂತು ಮೊದಲು ಮಾಡಬೇಕಾದ ಪಟ್ಟಿ ಫಿಟ್ಸ್ ಇರುವ ಮನೆಗಳದು, ಎರಡನೆಯದು ಹಂದಿ ಸಾಕುವ ಮನೆಗಳದು.